ಆಸ್ಬೋರ್ನ್ ಹೌಸ್: ರಾಣಿ ವಿಕ್ಟೋರಿಯಾಳ ಕಡಲಂಚಿನ ಮನೆ ಮತ್ತು ತೋಟವನ್ನು ಒಂದು ದಿನದಲ್ಲಿ ಸರಿಯಾಗಿ ನೋಡುವ ಬಗೆ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಎದುರಾಗಿ ಐಲ್ ಆಫ್ ವೈಟ್ ಎಂಬ ದ್ವೀಪವಿದೆ. ಅಲ್ಲಿನ ಈಸ್ಟ್ ಕೌಸ್ ಊರಿಗೆ ಅಂಟಿಕೊಂಡ ಗುಡ್ಡದ ಮೇಲೆ ಆಸ್ಬೋರ್ನ್ ಹೌಸ್ ನಿಂತಿದೆ. 1845ರಲ್ಲಿ ರಾಣಿ ವಿಕ್ಟೋರಿಯಾ ಮತ್ತು ಆಕೆಯ ಪತಿ ಆಲ್ಬರ್ಟ್ ಈ ಎಸ್ಟೇಟನ್ನು ಖಾಸಗಿಯಾಗಿ ಕೊಂಡು, ಹಳೆಯ ಮನೆ ಕೆಡವಿಸಿ, ಲಂಡನ್ನಿನ ಹೆಸರಾಂತ ಕಟ್ಟಡಗಾರ ಥಾಮಸ್ ಕ್ಯೂಬಿಟ್ ಕೈಯಲ್ಲಿ ಇಟಲಿಯ ಮಾದರಿಯ ಹೊಸ ಮನೆ ಕಟ್ಟಿಸಿದರು. 1846ರ ಸೆಪ್ಟೆಂಬರ್‌ನಲ್ಲಿ ಕುಟುಂಬ ಒಳಗೆ ಬಂತು, 1851ರ ಹೊತ್ತಿಗೆ ಇಡೀ ಮನೆ ಮುಗಿಯಿತು. 1901ರ ಜನವರಿ 22ರಂದು ರಾಣಿ ತೀರಿಕೊಂಡದ್ದೂ ಇದೇ ಮನೆಯಲ್ಲಿ. ಮರುವರ್ಷವೇ ಮಗ ಏಳನೇ ಎಡ್ವರ್ಡ್ ಇದನ್ನು ದೇಶಕ್ಕೆ ಬಿಟ್ಟುಕೊಟ್ಟ. ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತಿದೆ.

ಇಲ್ಲಿಗೆ ಬರುವ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಮನೆಯನ್ನು ಮ್ಯೂಸಿಯಂ ಎಂದುಕೊಂಡು ಎರಡು ಗಂಟೆ ಸುತ್ತಿ, ತೋಟವನ್ನು ‘ಸಮಯ ಉಳಿದರೆ ನೋಡೋಣ’ ಎಂದು ಕೊನೆಗೆ ತಳ್ಳುತ್ತಾರೆ. ಆಲ್ಬರ್ಟ್ ಮನೆ ಮತ್ತು ತೋಟವನ್ನು ಬೇರೆ ಬೇರೆಯಾಗಿ ಯೋಚಿಸಿಯೇ ಇರಲಿಲ್ಲ. ಬೈಠಕ್ಕಿನ ಕಿಟಕಿಯಿಂದ ಟೆರೇಸು, ಟೆರೇಸಿನಿಂದ ಇಳಿಜಾರಿನ ಹುಲ್ಲು, ಅದರಾಚೆ ಮರಗಳ ಸಾಲು, ಅದರಾಚೆ ಸೋಲೆಂಟ್ ಕಡಲು: ಇಷ್ಟೂ ಸೇರಿ ಒಂದೇ ಚಿತ್ರ. ಇಲ್ಲಿನ ನೋಟ ಅವನಿಗೆ ನೇಪಲ್ಸ್ ಕೊಲ್ಲಿಯನ್ನು ನೆನಪಿಸುತ್ತಿತ್ತು, ಮನೆ ಇಟಲಿಯ ರೂಪ ತಾಳಿದ್ದೂ ಅದಕ್ಕೇ. ಹಾಗಾಗಿ ಈ ಮಾರ್ಗದರ್ಶಿ ಮನೆ–ಟೆರೇಸು–ಕಾಡುದಾರಿ–ಕಡಲು–ಗೋಡೆತೋಟ (ಎತ್ತರದ ಗೋಡೆ ಸುತ್ತಿದ ಹಣ್ಣು, ಕಾಯಿಪಲ್ಯದ ತೋಟ) ಎಂಬ ಕ್ರಮದಲ್ಲಿ ಸಾಗುತ್ತದೆ. ಒಟ್ಟು ಆರು ಗಂಟೆ ಬೇಕು. ನಾಲ್ಕು ಗಂಟೆ ಮಾತ್ರ ಇದ್ದರೆ ಏನು ಬಿಡಬೇಕು ಎಂಬುದನ್ನೂ ಹೇಳಿದ್ದೇವೆ.

ಯಾವ ತಿಂಗಳು

ಮನೆಯಷ್ಟೇ ನೋಡುವುದಾದರೆ ಯಾವಾಗಲಾದರೂ ಸರಿ. ತೋಟಕ್ಕಾಗಿ ಹೋಗುವುದಾದರೆ ಎರಡು ಕಾಲ ಒಳ್ಳೆಯವು. ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಟೆರೇಸಿನ ಪಾತಿಗಳಲ್ಲಿ ಟ್ಯೂಲಿಪ್ ಮತ್ತು ವಸಂತದ ಹೂಗಳು ತುಂಬಿರುತ್ತವೆ. ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಬೇಸಿಗೆಯ ಹೂಪಾತಿಗಳು ಮೈದುಂಬಿ, ಗೋಡೆತೋಟದ ಹಣ್ಣಿನ ಮರಗಳಲ್ಲಿ ಫಸಲು ಕಾಣುತ್ತದೆ. ಈ ಎರಡರ ನಡುವೆ, ಅಂದರೆ ಮೇ ಕೊನೆ–ಜೂನ್ ಮೊದಲಲ್ಲಿ ಹೋದವರಿಗೆ ಪಾತಿಗಳು ಬೋಳಾಗಿ ಕಂಡು ಬೇಸರವಾಗುವುದುಂಟು. ಕಾರಣ ಸರಳ: ವಸಂತದ ಗಿಡಗಳನ್ನು ಕಿತ್ತು ಬೇಸಿಗೆಯ ಸಸಿ ನೆಡುವ ಹೊತ್ತು ಅದು. ವಿಕ್ಟೋರಿಯನ್ ಕಾಲದ ಹೂಪಾತಿ ಪದ್ಧತಿಯೇ ಹಾಗೆ. ಗಿಡ ವರ್ಷವಿಡೀ ಒಂದೇ ಕಡೆ ಇರುವುದಿಲ್ಲ, ವರ್ಷಕ್ಕೆ ಎರಡು ಸಲ ಪೂರಾ ಬದಲಾಗುತ್ತದೆ.

ಚಳಿಗಾಲದಲ್ಲಿ ತೆರೆದಿರುವ ದಿನಗಳೂ ಗಂಟೆಗಳೂ ಕಡಿಮೆ, ಕೆಲವು ಭಾಗಗಳು ಮುಚ್ಚಿರುತ್ತವೆ. ಹೊರಡುವ ಹಿಂದಿನ ದಿನ ಇಂಗ್ಲಿಷ್ ಹೆರಿಟೇಜ್‌ನ ವೆಬ್‌ಸೈಟಿನಲ್ಲಿ ಆ ದಿನಾಂಕವನ್ನೇ ಒತ್ತಿ ನೋಡಿ. ಇನ್ನು ಆಗಸ್ಟ್ ಆರಂಭದಲ್ಲಿ ಕೌಸ್ ವೀಕ್ ಎಂಬ ಹಾಯಿದೋಣಿ ಸ್ಪರ್ಧೆ ನಡೆಯುತ್ತದೆ, ಜೂನ್‌ನಲ್ಲಿ ದ್ವೀಪದ ದೊಡ್ಡ ಸಂಗೀತ ಉತ್ಸವ. ಈ ಎರಡು ವಾರಗಳಲ್ಲಿ ಫೆರ್ರಿ ಟಿಕೆಟ್ಟಿಗೂ ಕೋಣೆಗೂ ಪರದಾಡಬೇಕಾಗುತ್ತದೆ. ಆ ವಾರಗಳನ್ನು ಬಿಟ್ಟರೆ ಒಳ್ಳೆಯದು.

ತಲುಪುವುದು ಹೇಗೆ

ಐಲ್ ಆಫ್ ವೈಟ್‌ಗೆ ಸೇತುವೆಯಿಲ್ಲ. ಕಡಲು ದಾಟಲೇಬೇಕು. ದ್ವೀಪ ಇಂಗ್ಲೆಂಡಿನದೇ ಭಾಗವಾದ್ದರಿಂದ ಯುಕೆ ವೀಸಾ ಇದ್ದವರಿಗೆ ಬೇರೆ ಕಾಗದಪತ್ರ ಏನೂ ಬೇಡ.

ಲಂಡನ್ನಿನಿಂದ ಎರಡು ದಾರಿ. ಮೊದಲನೆಯದು: ವಾಟರ್‌ಲೂ ನಿಲ್ದಾಣದಿಂದ ಸೌತಾಂಪ್ಟನ್ ಸೆಂಟ್ರಲ್‌ಗೆ ರೈಲು, ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಅಲ್ಲಿಂದ ಬಂದರಿಗೆ ಬಸ್ಸು ಅಥವಾ ಇಪ್ಪತ್ತೈದು ನಿಮಿಷದ ನಡಿಗೆ. ಬಂದರಿನಲ್ಲಿ ರೆಡ್ ಫನಲ್ ಕಂಪನಿಯ ಎರಡು ಬಗೆಯ ಹಡಗುಗಳು ಸಿಗುತ್ತವೆ, ಗೊಂದಲವಾಗುವುದು ಇಲ್ಲೇ. ಕಾರುಗಳನ್ನೂ ಒಯ್ಯುವ ದೊಡ್ಡ ಫೆರ್ರಿ ಈಸ್ಟ್ ಕೌಸ್‌ಗೆ ಹೋಗುತ್ತದೆ, ಸುಮಾರು ಒಂದು ಗಂಟೆ. ‘ರೆಡ್ ಜೆಟ್’ ಎಂಬ ವೇಗದ ದೋಣಿ ಅರ್ಧ ಗಂಟೆಯೊಳಗೇ ತಲುಪಿಸುತ್ತದೆ, ಆದರೆ ಇಳಿಸುವುದು ನದಿಯ ಆಚೆ ದಡದ ವೆಸ್ಟ್ ಕೌಸ್‌ನಲ್ಲಿ. ಎರಡು ಊರುಗಳ ನಡುವೆ ಮೆಡಿನಾ ನದಿ. ದಾಟಲು ಸರಪಳಿ ಹಿಡಿದು ಎಳೆದುಕೊಂಡು ಹೋಗುವ ‘ಫ್ಲೋಟಿಂಗ್ ಬ್ರಿಡ್ಜ್’ ಎಂಬ ತೇಲುಕಟ್ಟೆಯಿದೆ. ಅದು ದುರಸ್ತಿಗೆ ನಿಂತ ದಿನ ವೆಸ್ಟ್ ಕೌಸ್‌ನಲ್ಲಿ ಇಳಿದವರು ನ್ಯೂಪೋರ್ಟ್ ಸುತ್ತಿ ಬರಬೇಕು. ಹೊರಡುವ ಮುನ್ನ ತೇಲುಕಟ್ಟೆ ಓಡುತ್ತಿದೆಯೇ ಎಂದು ಫೋನಿನಲ್ಲಿ ನೋಡಿಕೊಳ್ಳಿ. ಓಡುತ್ತಿಲ್ಲವಾದರೆ ನಿಧಾನದ ದೊಡ್ಡ ಫೆರ್ರಿಯೇ ಬೇಗ ಮುಟ್ಟಿಸುತ್ತದೆ.

ಈಸ್ಟ್ ಕೌಸ್ ಬಂದರಿನಿಂದ ಆಸ್ಬೋರ್ನ್‌ಗೆ ಎರಡೂವರೆ ಕಿಲೋಮೀಟರ್ ಸುಮಾರು, ದಾರಿ ಏರು. ಬರಿಗೈಲಿದ್ದರೆ ಅರ್ಧ ಗಂಟೆ. ಸದರ್ನ್ ವೆಕ್ಟಿಸ್ ಕಂಪನಿಯ 4 ಮತ್ತು 5ನೇ ನಂಬರ್ ಬಸ್ಸುಗಳು ಗೇಟಿನ ಮುಂದೆಯೇ ನಿಲ್ಲುತ್ತವೆ.

ಎರಡನೆಯ ದಾರಿ: ವಾಟರ್‌ಲೂದಿಂದ ಪೋರ್ಟ್ಸ್‌ಮತ್ ಹಾರ್ಬರ್, ಅಲ್ಲಿ ರೈಲು ನಿಲ್ದಾಣದ ಬುಡದಲ್ಲೇ ದೋಣಿ. ಇಪ್ಪತ್ತೆರಡು ನಿಮಿಷದಲ್ಲಿ ರೈಡ್ ಊರಿನ ಕಟ್ಟೆಗೆ ತಲುಪುತ್ತೀರಿ. ರೈಡ್ ಬಸ್ ನಿಲ್ದಾಣದಿಂದ 4ನೇ ನಂಬರ್ ಹತ್ತಿದರೆ ಆಸ್ಬೋರ್ನ್ ಗೇಟು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಈ ದಾರಿ ಉತ್ತಮ. ರೈಲಿನಿಂದ ದೋಣಿಗೆ ನಡೆಯುವ ದೂರ ತೀರ ಕಡಿಮೆ.

ಲಂಡನ್ನಿನಿಂದ ಒಂದೇ ದಿನದಲ್ಲಿ ಹೋಗಿಬರುವುದಾದರೆ ಬೆಳಿಗ್ಗೆ ಏಳರ ಆಸುಪಾಸಿನ ರೈಲು ಹಿಡಿಯಿರಿ. ಒಂಬತ್ತಕ್ಕೆ ಹೊರಟರೆ ಮನೆಯ ಬಾಗಿಲು ಮುಟ್ಟುವಾಗ ಹನ್ನೆರಡೂವರೆ. ಆಗ ತೋಟ ನೋಡಲು ಹೊತ್ತು ಉಳಿಯುವುದಿಲ್ಲ.

ಟಿಕೆಟ್ಟು, ಚೀಲ, ಬುತ್ತಿ

ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮುಂಗಡ ಕೊಂಡರೆ ಗೇಟಿನ ದರಕ್ಕಿಂತ ಅಗ್ಗ. ಯುಕೆಯಲ್ಲೇ ನೆಲೆಸಿರುವ ಕನ್ನಡಿಗರು ವರ್ಷದಲ್ಲಿ ಇಂಥ ಮೂರು ನಾಲ್ಕು ಜಾಗ ನೋಡುವವರಾದರೆ ಇಂಗ್ಲಿಷ್ ಹೆರಿಟೇಜ್ ಸದಸ್ಯತ್ವದ ಲೆಕ್ಕ ಹಾಕಿ ನೋಡಿ. ಸದಸ್ಯರಿಗೆ ಪ್ರವೇಶ ಉಚಿತ.

ದೊಡ್ಡ ಬೆನ್ನುಚೀಲ, ಸೂಟ್‌ಕೇಸ್ ತರಬೇಡಿ. ಒಳಗಿನ ದಾರಿ ಕೆಲವೆಡೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟೇ ಅಗಲ. ಬೆನ್ನ ಮೇಲಿನ ಚೀಲ ತಿರುಗಿದಾಗ ಏನಕ್ಕೆ ತಾಗಿತು ಎಂಬುದು ತಾಗಿಸಿದವರಿಗೇ ಗೊತ್ತಾಗುವುದಿಲ್ಲ. ಸಣ್ಣ ಚೀಲವಿದ್ದರೂ ಎದೆಯ ಕಡೆಗೆ ಹಾಕಿಕೊಳ್ಳಿ. ಸೂಜಿಯಂಥ ಹಿಮ್ಮಡಿಯ ಚಪ್ಪಲಿ ಬೇಡವೇ ಬೇಡ, ಹಳೆಯ ನೆಲಕ್ಕೂ ಕೇಡು, ಮುಂದಿನ ಕಾಡುದಾರಿಗೂ ಆಗುವುದಿಲ್ಲ. ಗಟ್ಟಿ ಅಡಿಯ ಶೂ, ತೆಳುವಾದ ರೇನ್‌ಕೋಟ್ ಸಾಕು. ಕಡಲಗಾಳಿಗೆ ಛತ್ರಿ ತಿರುಗಿ ಮುರಿಯುತ್ತದೆ.

ಹೋಟೆಲಿನ ತಿಂಡಿ ಒಗ್ಗದವರು ಬುತ್ತಿ ಕಟ್ಟಿಕೊಂಡು ಬರಬಹುದು. ಮನೆಯೊಳಗೆ ಮಾತ್ರ ತಿನ್ನುವಂತಿಲ್ಲ, ಹುಲ್ಲಿನ ಮೇಲೆ ಕೂತು ಧಾರಾಳವಾಗಿ ಊಟ ಮಾಡಬಹುದು. ಚಪಾತಿ–ಪಲ್ಯ, ಚಿತ್ರಾನ್ನ ಈ ತಿರುಗಾಟಕ್ಕೆ ಹೇಳಿ ಮಾಡಿಸಿದ ಊಟ. ನೀರಿನ ಬಾಟಲಿ ತುಂಬಿಸಿಕೊಂಡೇ ಮನೆಯ ಕಡೆಯಿಂದ ಕಡಲಿಗೆ ಇಳಿಯಿರಿ.

ಮನೆಯೊಳಗೆ: ತೊಂಬತ್ತು ನಿಮಿಷದಿಂದ ಎರಡು ಗಂಟೆ

ಬಾಗಿಲು ತೆರೆದ ಅರ್ಧ ಗಂಟೆಯೊಳಗೆ ಒಳಗಿರಿ. ಹನ್ನೊಂದರ ನಂತರ ಪ್ರವಾಸಿ ಬಸ್ಸುಗಳು ಬಂದು, ಒಂದೇ ದಿಕ್ಕಿನ ದಾರಿಯಲ್ಲಿ ಜನ ಸಾಲುಗಟ್ಟಿದಾಗ ನಿಮಗೆ ಬೇಕಾದ ಕಡೆ ನಿಲ್ಲಲು ಆಗುವುದಿಲ್ಲ. ಕೋಣೆಗಳ ಕ್ರಮ ಕೆಲವೊಮ್ಮೆ ಬದಲಾಗುತ್ತದೆ, ಆದರೆ ಹಿಂದಕ್ಕೆ ಬರುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ನೋಡಬೇಕಾದ್ದನ್ನು ಅಲ್ಲಲ್ಲೇ ನೋಡಿ ಮುಗಿಸಿ.

ಮೊದಲು ಸಿಗುವ ಗ್ರ್ಯಾಂಡ್ ಕಾರಿಡಾರ್‌ನಲ್ಲಿ ಎಲ್ಲರೂ ಶಿಲ್ಪಗಳನ್ನು ನೋಡುತ್ತಾರೆ. ನೀವು ಒಮ್ಮೆ ಕೆಳಗೂ ನೋಡಿ. ನೆಲದ ಬಣ್ಣದ ಹೆಂಚುಗಳು ಮಿಂಟನ್ ಕಾರ್ಖಾನೆಯವು. ಈ ಮನೆಯಲ್ಲಿ ಕಲ್ಲಿನಂತೆ ಕಾಣುವ ಎಷ್ಟೋ ವಸ್ತುಗಳು ಕಲ್ಲಲ್ಲ. ಹೊರಗೋಡೆ ಇಟ್ಟಿಗೆಯದು, ಮೇಲೆ ಕಲ್ಲಿನ ಬಣ್ಣದ ಸಿಮೆಂಟ್ ಗಿಲಾವು. ಬೆಂಕಿಗೆ ಹೆದರಿ ಮಹಡಿಗಳಿಗೆ ಮರದ ತೊಲೆಯ ಬದಲು ಕಬ್ಬಿಣದ ತೊಲೆ ಬಳಸಿದ್ದಾರೆ. ಅರಮನೆಯ ಒಳಗಿರುವುದು ಆ ಕಾಲದ ಅತಿ ಹೊಸ ಕಟ್ಟಡ ತಂತ್ರ. ಇದು ತಲೆಯಲ್ಲಿದ್ದರೆ ಮುಂದಿನ ಕೋಣೆಗಳು ಬೇರೆಯೇ ಆಗಿ ಕಾಣುತ್ತವೆ.

ಕೆಳಮಹಡಿಯ ಡ್ರಾಯಿಂಗ್ ರೂಮ್ ಮತ್ತು ಬಿಲಿಯರ್ಡ್ ಕೋಣೆಯ ಮೂಲೆಯಲ್ಲಿ ಐದು ನಿಮಿಷ ನಿಲ್ಲಿ. ಎರಡೂ ಕೋಣೆಗಳು ಒಂದಕ್ಕೊಂದು ಮೂಲೆಯಲ್ಲಿ ತೆರೆದುಕೊಂಡಿವೆ, ನಡುವೆ ಗೋಡೆಯಿಲ್ಲ. ರಾಣಿಯ ಎದುರು ಕೂರಬಾರದು ಎಂಬುದು ಆಸ್ಥಾನದ ನಿಯಮ. ಮೂಲೆ ತಿರುಗಿದರೆ ಆಕೆಯ ಕಣ್ಣಿಗೆ ಬೀಳುವುದಿಲ್ಲ, ಕರೆದರೆ ಕೇಳಿಸುವಷ್ಟು ಹತ್ತಿರ. ಹೀಗೆ ‘ರಾಣಿಯ ಸನ್ನಿಧಿಯಲ್ಲಿ’ ಇದ್ದೂ ಗಂಡಸರು ಕೂತು ಆಡಬಹುದಿತ್ತು. ಬಿಲಿಯರ್ಡ್ ಮೇಜನ್ನು ಹತ್ತಿರದಿಂದ ನೋಡಿ: ಅಮೃತಶಿಲೆ ಅನಿಸುವ ಅದರ ಕಾಲುಗಳು ಸ್ಲೇಟ್ ಕಲ್ಲಿಗೆ ಬಣ್ಣ ಹಚ್ಚಿದವು. ಆ ದೊಡ್ಡ ಗಾಜಿನ ಕಿಟಕಿಗಳ ಮುಂದೆ ನಿಂತು ಹೊರಗಿನ ಟೆರೇಸಿನ ಮಧ್ಯದ ಕಾರಂಜಿಯನ್ನು ಗುರುತು ಹಾಕಿಕೊಳ್ಳಿ. ಮಧ್ಯಾಹ್ನ ಅಲ್ಲಿಂದ ತಿರುಗಿ ಇದೇ ಕಿಟಕಿಯನ್ನು ನೋಡುವುದಿದೆ.

1878ರ ಜನವರಿ 14ರಂದು ಅಲೆಗ್ಸಾಂಡರ್ ಗ್ರಹಾಂ ಬೆಲ್ ತನ್ನ ಟೆಲಿಫೋನನ್ನು ರಾಣಿಗೆ ತೋರಿಸಿದ್ದು ಇದೇ ಮನೆಯಲ್ಲಿ.

ಮೇಲಿನ ಮಹಡಿಯ ಮಕ್ಕಳ ಕೋಣೆಗಳಲ್ಲಿ ಪುಟ್ಟ ಕುರ್ಚಿಗಳು, ತೊಟ್ಟಿಲುಗಳಿವೆ. ಅದರ ಕೆಳಮಹಡಿಯಲ್ಲಿ ರಾಣಿಯ ಖಾಸಗಿ ಕೋಣೆಗಳು. ಇವನ್ನು 1954ರವರೆಗೆ ಸಾರ್ವಜನಿಕರು ಕಂಡಿರಲಿಲ್ಲ, ಕಬ್ಬಿಣದ ಗೇಟು ಹಾಕಿ ಮುಚ್ಚಲಾಗಿತ್ತು. ಕುಳಿತುಕೊಳ್ಳುವ ಕೋಣೆಯಲ್ಲಿ ಪಕ್ಕಪಕ್ಕ ಎರಡು ಬರೆಯುವ ಮೇಜುಗಳಿವೆ. ಗಂಡ ಹೆಂಡತಿ ಇಬ್ಬರೂ ಜೊತೆಗೆ ಕೂತು ರಾಜ್ಯದ ಕಾಗದಪತ್ರ ನೋಡುತ್ತಿದ್ದ ಜಾಗ. 1861ರ ಡಿಸೆಂಬರ್ 14ರಂದು ಆಲ್ಬರ್ಟ್ ತೀರಿಕೊಂಡ ಮೇಲೆ ಎರಡನೆಯ ಮೇಜನ್ನು ತೆಗೆಯಲಿಲ್ಲ. ಮಲಗುವ ಕೋಣೆಯಲ್ಲಿ ಮಂಚದ ತಲೆಭಾಗವನ್ನು ನೋಡಿ: ಆಲ್ಬರ್ಟ್ ಮಲಗುತ್ತಿದ್ದ ಬದಿಯಲ್ಲಿ ಅವನ ಗಡಿಯಾರ ಇಡುವ ಪುಟ್ಟ ಬಟ್ಟೆಯ ಜೇಬು ಇನ್ನೂ ಇದೆ. ನಲವತ್ತು ವರ್ಷದ ವೈಧವ್ಯವನ್ನು ಬೇರೆ ಯಾವ ವಸ್ತುವೂ ಇಷ್ಟು ಸಣ್ಣದಾಗಿ, ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಜನ ಈ ಕೋಣೆಯನ್ನು ಬೇಗ ದಾಟಿಬಿಡುತ್ತಾರೆ, ನೀವು ದಾಟಬೇಡಿ.

ಕೆಳಗಿಳಿದಾಗ ಸಿಗುವ ಟೇಬಲ್ ಡೆಕರ್‌ಗಳ ಕೋಣೆಗಳನ್ನೂ ಬಿಡಬೇಡಿ. ಊಟದ ಮೇಜು ಸಿಂಗರಿಸುವುದೇ ಅವರ ಕೆಲಸ. ಗಾಜು, ಪಿಂಗಾಣಿ, ಬೆಳ್ಳಿಯನ್ನು ಎಣಿಸಿ, ತೊಳೆದು, ಜೋಡಿಸುತ್ತಿದ್ದ ಕೈಗಳ ಲೋಕ ಇದು.

ದರ್ಬಾರ್ ಭಾಗ, ಮತ್ತು ಕೊಡಗಿನ ಗೌರಮ್ಮ

ಭಾರತದಿಂದ ಬಂದವರು ಇಲ್ಲಿಗೆ ಕನಿಷ್ಠ ನಲವತ್ತು ನಿಮಿಷ ಎತ್ತಿಡಿ. ಮನೆಯ ಸುತ್ತಾಟದ ಕೊನೆಯಲ್ಲಿ ಬರುವುದರಿಂದ ಕಾಲು ಸೋತು, ಹಸಿವಾಗಿ, ಹೆಚ್ಚಿನವರು ಓಡುನೋಟದಲ್ಲಿ ಮುಗಿಸುತ್ತಾರೆ. ಮೇಲೆ ಎಲ್ಲಾದರೂ ಸಿಗುವ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ಬನ್ನಿ. ಸಂದರ್ಶಕರಿಗಾಗಿ ಇಟ್ಟ ಕುರ್ಚಿ ಯಾವುದು ಎಂದು ಅಲ್ಲಿನ ಸಿಬ್ಬಂದಿ ತೋರಿಸುತ್ತಾರೆ.

ದರ್ಬಾರ್ ರೂಮನ್ನು ಕಟ್ಟಿದ್ದು 1890ರ ದಶಕದ ಆರಂಭದಲ್ಲಿ, ದೊಡ್ಡ ಔತಣಗಳಿಗಾಗಿ. ಲಾಹೋರಿನ ಮೇಯೊ ಕಲಾಶಾಲೆಯ ಮುಖ್ಯಸ್ಥ ಲಾಕ್‌ವುಡ್ ಕಿಪ್ಲಿಂಗ್‌ನ ಸಲಹೆಯಲ್ಲಿ, ಅಲ್ಲಿಯೇ ಕಲಿತ ಕುಶಲಕರ್ಮಿ ಭಾಯಿ ರಾಮ್ ಸಿಂಗ್ ಇಂಗ್ಲೆಂಡಿಗೆ ಬಂದು ಇದರ ವಿನ್ಯಾಸ ಮಾಡಿದ. ಬಡಗಿಗಳ ಮನೆತನದ ಈತ ಮರದಲ್ಲಿ ಕೆತ್ತಬಲ್ಲ ಸೂಕ್ಷ್ಮವನ್ನೆಲ್ಲ ಇಲ್ಲಿ ಗಾರೆಯ ಅಚ್ಚುಗಳಿಗೆ ಇಳಿಸಿದ್ದಾನೆ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಬೀಳುವುದು ಬೆಂಕಿಗೂಡಿನ ಮೇಲೆ ಗರಿಗೆದರಿ ನಿಂತ ನವಿಲಿನ ಮೇಲೆ. ಅದನ್ನು ನೋಡಿ ಮುಗಿಸಿ, ನಿಧಾನವಾಗಿ ಛಾವಣಿಗೆ ಬನ್ನಿ. ಆಳವಾದ ಚೌಕಗಳಲ್ಲಿ ಒಂದರೊಳಗೊಂದು ಬಿಚ್ಚಿಕೊಳ್ಳುವ ವಿನ್ಯಾಸ. ಕತ್ತು ನೋಯದಂತೆ ನೋಡಲು ಗೋಡೆಗೆ ಹತ್ತಿರ ನಿಂತು ಎದುರುಬದಿಯ ಛಾವಣಿಯನ್ನು ಓರೆಯಾಗಿ ನೋಡಿ. ನೇರ ಕೆಳಗೆ ನಿಂತರೆ ಉಬ್ಬು ತಗ್ಗು ಚಪ್ಪಟೆಯಾಗಿ ಕಾಣುತ್ತವೆ, ಓರೆಯಿಂದ ನೋಡಿದರೆ ನೆರಳು ಬಿದ್ದು ಕೆತ್ತನೆ ಎದ್ದು ಬರುತ್ತದೆ. ಗಾಜಿನ ಕಪಾಟುಗಳಲ್ಲಿರುವುದು ರಾಣಿ ಪಟ್ಟವೇರಿ ಐವತ್ತು, ಅರವತ್ತು ವರ್ಷವಾದ 1887 ಮತ್ತು 1897ರ ಜ್ಯೂಬಿಲಿಗಳಿಗೆ ಭಾರತದಿಂದ ಬಂದ ಉಡುಗೊರೆಗಳು. ಬಿನ್ನವತ್ತಳೆ ಇಟ್ಟು ಕಳಿಸಿದ ಕರಂಡಕಗಳ ಕೆಲಸ ನೋಡಿ. ಯಾವ ಊರಿನದು ಎಂಬುದು ಚೀಟಿಯಲ್ಲಿ ಇರುತ್ತದೆ.

ಪಕ್ಕದ ದರ್ಬಾರ್ ಕಾರಿಡಾರ್‌ನ ಗೋಡೆ ತುಂಬ ಭಾರತೀಯರ ಮುಖಗಳು. ಆಸ್ಟ್ರಿಯಾದ ಚಿತ್ರಕಾರ ರುಡಾಲ್ಫ್ ಸ್ವೊಬೋಡಾನನ್ನು ರಾಣಿ 1886ರಲ್ಲಿ ಭಾರತಕ್ಕೆ ಕಳಿಸಿದಳು. ಅವನು ರಾಜರನ್ನಷ್ಟೇ ಬರೆಯಲಿಲ್ಲ. ಕುಂಬಾರ, ನೇಕಾರ, ಸಿಪಾಯಿ, ಹಳ್ಳಿಯ ಹೆಂಗಸು ಎಲ್ಲರೂ ಇದ್ದಾರೆ. ಆಗ್ರಾದ ಬಕ್ಷಿರಾಮ ಎಂಬ ಮುದಿ ಕುಂಬಾರನ ಚಿತ್ರ ಹುಡುಕಿ. ಹೆಚ್ಚಿನ ಚಿತ್ರಗಳು ಗಾತ್ರದಲ್ಲಿ ಶಾಲೆಯ ನೋಟ್‌ಬುಕ್ಕಿನಷ್ಟೇ. ಎರಡು ಹೆಜ್ಜೆ ದೂರದಿಂದ ನೋಡಿದರೆ ಏನೂ ದಕ್ಕುವುದಿಲ್ಲ, ಹಗ್ಗದ ಅಂಚಿನವರೆಗೆ ಹೋಗಿ ಕಣ್ಣುಗಳನ್ನೇ ನೋಡಬೇಕು. ಭಾಯಿ ರಾಮ್ ಸಿಂಗ್‌ನ ಚಿತ್ರವನ್ನೂ ಸ್ವೊಬೋಡಾನೇ ಬರೆದ. 1887ರಲ್ಲಿ ಸೇವಕನಾಗಿ ಬಂದು ರಾಣಿಗೆ ಹಿಂದೂಸ್ತಾನಿ ಕಲಿಸುವ ಮುನ್ಷಿಯಾದ ಅಬ್ದುಲ್ ಕರೀಮನ ಚಿತ್ರವೂ ಅವನದೇ ಕೈಯದು.

ಕನ್ನಡಿಗರು ಇಲ್ಲಿ ಒಂದು ಹೆಸರು ಕೇಳಲೇಬೇಕು: ಪ್ರಿನ್ಸೆಸ್ ಗೌರಮ್ಮ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. ಗಡೀಪಾರಾಗಿ ಕಾಶಿಯಲ್ಲಿದ್ದ ತಂದೆ 1852ರಲ್ಲಿ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದ. ಆಗ ಅವಳಿಗೆ ಹನ್ನೊಂದರ ಆಸುಪಾಸು. ಅದೇ ವರ್ಷ ಕ್ರೈಸ್ತ ದೀಕ್ಷೆಯಾಯಿತು, ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ಅಂದಿನಿಂದ ಅವಳು ವಿಕ್ಟೋರಿಯಾ ಗೌರಮ್ಮ. ಸಿಖ್ ಅರಸ ದುಲೀಪ್ ಸಿಂಗ್‌ಗೆ ಅವಳನ್ನು ಕೊಡಬೇಕೆಂದು ರಾಣಿಗೆ ಆಸೆಯಿತ್ತು, ಕೂಡಿಬರಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, 1864ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬುವ ಮೊದಲೇ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮರೊಕೆಟ್ಟಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಅವಳ ಎದೆಮಟ್ಟದ ಪ್ರತಿಮೆ ಮಾಡಿದ. ಎರಡೂ ರಾಜಮನೆತನದ ಸಂಗ್ರಹಕ್ಕೆ ಸೇರಿದವು. ಪ್ರದರ್ಶನದ ವಸ್ತುಗಳು ಆಗಾಗ ಸ್ಥಳ ಬದಲಿಸುತ್ತವೆ, ಕೆಲವೊಮ್ಮೆ ಬೇರೆ ಪ್ರದರ್ಶನಕ್ಕೂ ಹೋಗುತ್ತವೆ. ಸುಮ್ಮನೆ ಹುಡುಕುತ್ತ ಹೊತ್ತು ಕಳೆಯುವ ಬದಲು ಕೋಣೆಯ ಸಿಬ್ಬಂದಿಯನ್ನು ನೇರವಾಗಿ ಕೇಳಿ. ಹೆಸರನ್ನು ಇಂಗ್ಲಿಷಿನವರು ‘ಗೌರಾಮಾ’ ಎಂಬಂತೆ ಹೇಳುತ್ತಾರೆ, ‘ಕೂರ್ಗ್’ ಎಂದು ಸೇರಿಸಿದರೆ ಗುರುತು ಹಿಡಿಯುತ್ತಾರೆ. ಮಕ್ಕಳು ಜೊತೆಗಿದ್ದರೆ ಮಡಿಕೇರಿ ಕೋಟೆಯ ಕಥೆಯನ್ನು ರೈಲಿನಲ್ಲೇ ಹೇಳಿಡಿ. ಆಗ ಆ ಮುಖ ಅವರಿಗೆ ಬರಿಯ ಒಂದು ಬೊಂಬೆಯಾಗಿ ಉಳಿಯುವುದಿಲ್ಲ.

ಕೋಣೆಗಳು ಯಾಕೆ ಇಷ್ಟು ಕತ್ತಲು?

ಎಲ್ಲರೂ ಕೇಳುವ ಪ್ರಶ್ನೆ. ಕಿಟಕಿಗೆ ಪರದೆ ಇಳಿಬಿಟ್ಟಿರುವುದು ದೀಪ ಉಳಿಸಲು ಅಲ್ಲ. ಬೆಳಕು ಬಟ್ಟೆ, ಕಾಗದ, ಜಲವರ್ಣವನ್ನು ತಿನ್ನುತ್ತದೆ. ಆ ಹಾನಿ ದಿನದಿನಕ್ಕೂ ಕೂಡುತ್ತ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಇಂಥ ಸೂಕ್ಷ್ಮ ವಸ್ತುಗಳಿಗೆ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕನ್ನೇ ಮಿತಿಯಾಗಿ ಇಡುತ್ತಾರೆ. ಮೋಡ ಕವಿದ ದಿನದ ಹೊರಬೆಳಕು ಕೂಡ ಅದರ ನೂರಾರು ಪಟ್ಟು. ಹೊರಗಿನಿಂದ ಬಂದ ಕಣ್ಣಿಗೆ ಮೊದಲ ಐದು ನಿಮಿಷ ಏನೂ ಕಾಣದಂತಾಗುವುದು ಅದಕ್ಕೇ. ಮೊದಲ ಕೋಣೆಯಲ್ಲಿ ಸ್ವಲ್ಪ ನಿಂತು ಕಣ್ಣು ಒಗ್ಗಿಸಿಕೊಳ್ಳಿ.

ಮುಟ್ಟಬಾರದು ಎನ್ನುವುದಕ್ಕೂ ಕಾರಣವಿದೆ. ಬೆರಳಿನ ಬೆವರಿನ ಉಪ್ಪು ಲೋಹವನ್ನು ಕಪ್ಪಾಗಿಸಿ ಬೆರಳಚ್ಚನ್ನೇ ಕೊರೆದುಬಿಡುತ್ತದೆ. ರೇಷ್ಮೆಯ ಎಳೆ ಒಂದು ಸಲದ ಸವರುವಿಕೆಗೆ ಹರಿಯದಿರಬಹುದು, ಲಕ್ಷ ಜನ ಸವರಿದರೆ ಉಳಿಯುವುದಿಲ್ಲ. ತಿಂಡಿಯ ಚೂರು ಬಿದ್ದರೆ ಹುಳ ಬರುತ್ತವೆ, ಉಣ್ಣೆಯ ಜಮಖಾನೆಯನ್ನು ನುಸಿಪತಂಗದ ಮರಿಗಳು ತಿಂದುಹಾಕುತ್ತವೆ. ಟಿಪ್ಪಣಿ ಬರೆದುಕೊಳ್ಳುವವರು ಪೆನ್ನಿನ ಬದಲು ಪೆನ್ಸಿಲ್ ತನ್ನಿ. ಫೋಟೋ ನಿಯಮವನ್ನು ಬಾಗಿಲಲ್ಲೇ ಕೇಳಿ, ಫ್ಲ್ಯಾಶ್ ಅಂತೂ ಎಲ್ಲೂ ಬೇಡ.

ಟೆರೇಸು: ಮುಕ್ಕಾಲು ಗಂಟೆ

ಮನೆಯಿಂದ ಹೊರಬಿದ್ದ ಕೂಡಲೇ ಕಡಲಿನ ಕಡೆಯ ಟೆರೇಸು. ಮೇಲಿನದು, ಕೆಳಗಿನದು ಎಂದು ಮಟ್ಟಮಟ್ಟವಾಗಿ ಇಳಿಯುತ್ತದೆ. ಆಲ್ಬರ್ಟ್ ತನ್ನ ಕಲಾ ಸಲಹೆಗಾರ ಲುಡ್ವಿಗ್ ಗ್ರೂನರ್ ಜೊತೆ ಸೇರಿ ರೂಪಿಸಿದ್ದು. ಹೂಕುಂಡ, ಪ್ರತಿಮೆಗಳಲ್ಲಿ ಹಲವು ಅಚ್ಚಿನಲ್ಲಿ ಎರೆದ ಸಿಮೆಂಟಿನವು. ಒಳಗೆ ಗುರುತು ಹಾಕಿಕೊಂಡ ಕಾರಂಜಿಯ ಬಳಿ ನಿಂತು ಈಗ ಮನೆಯ ಕಡೆ ತಿರುಗಿ. ಎರಡು ಗೋಪುರಗಳಲ್ಲಿ ಒಂದರಲ್ಲಿ ಗಡಿಯಾರ, ಇನ್ನೊಂದರಲ್ಲಿ ಬಾವುಟ. ಎರಡೂ ಒಂದೇ ಎತ್ತರದವಲ್ಲ, ಒಂದೇ ಸಾಲಿನಲ್ಲೂ ಇಲ್ಲ. ಈ ಅಸಮತೆ ಇಟಲಿಯ ಹಳ್ಳಿಮನೆಗಳಿಂದ ಬಂದದ್ದು, ಬೇಕೆಂದೇ ಮಾಡಿದ್ದು.

ಹೂಪಾತಿಗಳನ್ನು ಹತ್ತಿರದಿಂದ ನೋಡಿದರೆ ಗಿಡಗಳು ಕಾಣುತ್ತವೆ, ವಿನ್ಯಾಸ ಕಾಣುವುದಿಲ್ಲ. ವಿಕ್ಟೋರಿಯನ್ ಪಾತಿಯನ್ನು ಹಾಕಿದ್ದು ಮೇಲಿನಿಂದ, ಕಿಟಕಿಯಿಂದ ನೋಡಲೆಂದು. ರತ್ನಗಂಬಳಿಯ ಲೆಕ್ಕ ಅದು. ಆದ್ದರಿಂದ ಮೇಲಿನ ಟೆರೇಸಿನ ಕಟಕಟೆಗೆ ಒರಗಿ ಮೊದಲು ನೋಡಿ, ಆಮೇಲೆ ಕೆಳಗಿಳಿಯಿರಿ. ಫೋಟೋ ತೆಗೆಯುವವರಿಗೆ ಒಂದು ಮಾತು: ಮನೆಯ ಈ ಮುಖಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ. ಮಧ್ಯಾಹ್ನದ ಮೇಲೆ ಮನೆ ನೆರಳಲ್ಲಿರುತ್ತದೆ, ಕಡಲು ಮಾತ್ರ ಬೆಳಗುತ್ತಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಹತ್ತು ನಿಮಿಷ ಸಿಕ್ಕರೆ ಮನೆಯ ಫೋಟೋವನ್ನು ಆಗಲೇ ತೆಗೆದುಬಿಡಿ.

ಆಸ್ಬೋರ್ನಿನ ಮರ್ಟಲ್ ಗಿಡವನ್ನೂ ಕೇಳಿ ನೋಡಿ. ಸುವಾಸನೆಯ ಎಲೆ, ಬಿಳಿ ಹೂವಿನ ಪೊದೆ. ಆಲ್ಬರ್ಟ್‌ನ ಅಜ್ಜಿ 1845ರಲ್ಲಿ ರಾಣಿಗೆ ಕೊಟ್ಟ ಹೂಗುಚ್ಛದ ಒಂದು ಕಡ್ಡಿಯಿಂದ ಬೆಳೆದದ್ದೆಂದು ಹೇಳುತ್ತಾರೆ. ರಾಜಮನೆತನದ ಮದುವಣಗಿತ್ತಿಯರ ಕೈಯ ಹೂಗುಚ್ಛಕ್ಕೆ ಇಂದಿಗೂ ಈ ಮರ್ಟಲ್‌ನ ಒಂದು ಟೊಂಗೆ ಸೇರುತ್ತದೆ.

ಸ್ವಿಸ್ ಕಾಟೇಜ್

ಮನೆಯಿಂದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಮರಗಳ ನಡುವೆ ಇಪ್ಪತ್ತು ನಿಮಿಷದ ದಾರಿ. ಸೀಸನ್ನಿನಲ್ಲಿ ಸಣ್ಣ ಬಸ್ಸೂ ಓಡುತ್ತದೆ. ಹೋಗುವಾಗ ನಡೆಯಿರಿ, ಬರುವಾಗ ಬಸ್ಸು ಹಿಡಿಯಿರಿ. ಕಡಲಿಗೆ ಇಳಿದದ್ದನ್ನೆಲ್ಲ ಮತ್ತೆ ಏರಬೇಕಾದ್ದು ಬರುವಾಗಲೇ. ನಡೆಯುವಾಗ ಸದ್ದು ಮಾಡದಿದ್ದರೆ ಕೆಂಪು ಅಳಿಲು ಕಾಣಸಿಗಬಹುದು. ಇಂಗ್ಲೆಂಡಿನ ಹೆಚ್ಚಿನ ಕಡೆ ಅಮೆರಿಕದಿಂದ ತಂದ ಬೂದು ಅಳಿಲು ಇವನ್ನು ಓಡಿಸಿಬಿಟ್ಟಿದೆ. ಕಡಲು ಅಡ್ಡವಿರುವುದರಿಂದ ಈ ದ್ವೀಪದಲ್ಲಿ ಉಳಿದುಕೊಂಡಿವೆ.

ಮರದ ದಿಮ್ಮಿಯ ಈ ಪುಟ್ಟ ಮನೆಯನ್ನು 1854ರಲ್ಲಿ ಮಕ್ಕಳ ಬಳಕೆಗೆಂದು ಬಿಟ್ಟುಕೊಟ್ಟರು (ಒಂಬತ್ತನೆಯ, ಕೊನೆಯ ಮಗು ಹುಟ್ಟಿದ್ದು 1857ರಲ್ಲಿ). ಕೆಳಗೆ ಮಕ್ಕಳ ಎತ್ತರಕ್ಕೆ ಮಾಡಿದ ಒಲೆ, ಪಾತ್ರೆಗಳಿರುವ ಅಡುಗೆಮನೆ. ರಾಜಕುಮಾರಿಯರು ಇಲ್ಲಿ ಅಡುಗೆ ಮಾಡಿ ತಂದೆತಾಯಿಗೆ ಬಡಿಸುತ್ತಿದ್ದರು. ಹೊರಗೆ ಒಬ್ಬೊಬ್ಬರಿಗೂ ಒಂದೊಂದು ತುಂಡು ತೋಟ. ತರಕಾರಿ, ಹಣ್ಣು, ಹೂ ಮೂರನ್ನೂ ಬೆಳೆಯಬೇಕು. ಚೆನ್ನಾಗಿ ಬೆಳೆದದ್ದನ್ನು ಆಲ್ಬರ್ಟ್ ಮಾರುಕಟ್ಟೆಯ ದರಕ್ಕೆ ಅವರಿಂದ ಕೊಳ್ಳುತ್ತಿದ್ದ. ಅವರ ಹೆಸರಿನ ಅಕ್ಷರ ಬರೆದ ಪುಟ್ಟ ಕೈಗಾಡಿಗಳು, ಸಲಕರಣೆಗಳು ಇನ್ನೂ ಇವೆ. ಅವನ್ನು ಸಾಲಾಗಿ ನೋಡಿದರೆ, ಹಿರಿಯ ಮಗುವಿನಿಂದ ಕಿರಿಯದಕ್ಕೆ ಆ ಕುಟುಂಬವೇ ಕಣ್ಣ ಮುಂದೆ ನಿಂತಂತಾಗುತ್ತದೆ. ಪಕ್ಕದಲ್ಲೇ ಮಕ್ಕಳು ಕೂಡಿಟ್ಟ ಕಪ್ಪೆಚಿಪ್ಪು, ಕಲ್ಲು, ಹಕ್ಕಿಗಳ ಮ್ಯೂಸಿಯಂ ಇದೆ, ಮತ್ತು ಹುಡುಗರು ಆಡುತ್ತಿದ್ದ ಪುಟ್ಟ ಮಣ್ಣಿನ ಕೋಟೆ. ಮಕ್ಕಳೊಂದಿಗೆ ಬಂದವರಿಗೆ ಇಲ್ಲಿ ಒಂದು ಗಂಟೆ ಸಾಲದು.

ಕಡಲ ತೀರ

ಕಾಟೇಜಿನಿಂದ ಇನ್ನೂ ಕೆಳಕ್ಕೆ ಹತ್ತು ನಿಮಿಷ ನಡೆದರೆ ಆಸ್ಬೋರ್ನ್ ಕೊಲ್ಲಿ. ಈ ಖಾಸಗಿ ತೀರ ಸಾರ್ವಜನಿಕರಿಗೆ ತೆರೆದದ್ದು 2012ರಲ್ಲಿ. ರಾಣಿಯ ಸ್ನಾನದ ಗಾಡಿ ಇಲ್ಲಿದೆ: ಚಕ್ರದ ಮೇಲಿನ ಮರದ ಗುಡಿಸಲು, ಮುಂದೆ ಪರದೆ ಕಟ್ಟಿದ ಪಡಸಾಲೆ. ಬಟ್ಟೆ ಬದಲಿಸಿಕೊಂಡು ಒಳಗೆ ಕೂತರೆ ಗಾಡಿಯನ್ನು ಇಳಿಜಾರಿನಲ್ಲಿ ನೀರಿನವರೆಗೆ ಬಿಡುತ್ತಿದ್ದರು, ಆಮೇಲೆ ಹಗ್ಗದಿಂದ ಮೇಲೆಳೆಯುತ್ತಿದ್ದರು. 1847ರ ಜುಲೈ 30ರಂದು ರಾಣಿ ಮೊದಲ ಬಾರಿ ಕಡಲಿಗಿಳಿದಳು. ಆಕೆ ತೀರಿಕೊಂಡ ಮೇಲೆ ಈ ಗಾಡಿ ಕೆಲಕಾಲ ಕೋಳಿಗೂಡಾಗಿತ್ತು!

ತೀರದಲ್ಲಿ ಮರಳಿಗಿಂತ ಬೆಣಚುಕಲ್ಲು ಹೆಚ್ಚು. ಭರತವಿದ್ದಾಗ ನಡೆಯುವ ಜಾಗ ಸಣ್ಣದಾಗುತ್ತದೆ. ಇಳಿತದ ಹೊತ್ತು ನೋಡಿಕೊಂಡು ಹೋದರೆ ಚೆನ್ನ.

ಗೋಡೆತೋಟ, ಕೊನೆಗೆ

ಮೇಲೆ ಹತ್ತಿ ಬಂದು, ಗೇಟಿನ ಕಡೆ ನಡೆಯುವಾಗ ಗೋಡೆತೋಟಕ್ಕೆ ಅರ್ಧ ಗಂಟೆ ಕೊಡಿ. ಎಲ್ಲರೂ ಬಿಡುವುದು ಇದನ್ನೇ. ಎತ್ತರದ ಇಟ್ಟಿಗೆ ಗೋಡೆ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಡುತ್ತದೆ. ಗೋಡೆಗೆ ಅಂಟಿಸಿದಂತೆ, ಕೈ ಚಾಚಿದ ಹಾಗೆ ಕೊಂಬೆ ಕಟ್ಟಿ ಬೆಳೆಸಿದ ಹಣ್ಣಿನ ಮರಗಳಿಗೆ ಆ ಶಾಖವೇ ಜೀವ. ಒಂದು ಮರದ ಬುಡದ ಬಳಿ ಕೂತು ಕೊಂಬೆಯನ್ನು ತಂತಿಗೆ ಎಲ್ಲಿ, ಹೇಗೆ ಕಟ್ಟಿದ್ದಾರೆ ನೋಡಿ. ಸಡಿಲವಾಗಿ, ಎಂಟರ ಆಕಾರದಲ್ಲಿ ಕಟ್ಟಿದರೆ ತೊಗಟೆ ಬೆಳೆದಾಗ ಕಟ್ಟು ಒತ್ತುವುದಿಲ್ಲ. ಕೈತೋಟ ಇರುವವರು ಈ ಒಂದು ವಿದ್ಯೆಯನ್ನು ಮನೆಗೆ ಒಯ್ಯಬಹುದು. ಕೆಡವಿದ ಹಳೆಯ ಮನೆಯ ಕಂಬದ ಬಾಗಿಲನ್ನು ಈ ತೋಟದ ಗೋಡೆಗೆ ತಂದು ಕೂರಿಸಿದ್ದಾರೆ. ತೋಟವನ್ನು ರೂಪರ್ಟ್ ಗೋಲ್ಬಿ ಹೊಸದಾಗಿ ರೂಪಿಸಿದ ಮೇಲೆ 2000ದಲ್ಲಿ ತೆರೆಯಲಾಯಿತು. ಕಮಾನು, ಕುಂಡಗಳ ಮೇಲೆ ‘ವಿ’ ಮತ್ತು ‘ಎ’ ಅಕ್ಷರಗಳು ಹೆಣೆದುಕೊಂಡಿರುವುದನ್ನು ಮಕ್ಕಳಿಗೆ ಎಣಿಸಲು ಹೇಳಿ.

ನಾಲ್ಕೇ ಗಂಟೆ ಇದ್ದರೆ? ಮನೆಗೆ ಒಂದೂವರೆ ಗಂಟೆ, ಟೆರೇಸಿಗೆ ಅರ್ಧ, ಬಸ್ಸಿನಲ್ಲೇ ಹೋಗಿಬಂದು ಸ್ವಿಸ್ ಕಾಟೇಜಿಗೆ ಒಂದೂವರೆ, ಗೋಡೆತೋಟಕ್ಕೆ ಅರ್ಧ. ಕಡಲ ತೀರ ಬಿಡಿ. ಮಳೆ ಬಂದರೆ ಕ್ರಮ ತಿರುಗಿಸಬೇಡಿ, ಮನೆಯಲ್ಲಿ ಇನ್ನಷ್ಟು ಹೊತ್ತು ಇರಿ. ಗಾಲಿಕುರ್ಚಿ ಬಳಸುವವರು ಮುಂಚೆಯೇ ಫೋನ್ ಮಾಡಿ ಯಾವ ಮಹಡಿಗೆ ಲಿಫ್ಟ್ ಇದೆ, ಟೆರೇಸಿಗೆ ಮೆಟ್ಟಿಲಿಲ್ಲದ ದಾರಿ ಯಾವುದು ಎಂದು ಕೇಳಿಕೊಳ್ಳಿ.

ಹೊರಡುವಾಗ ಫೆರ್ರಿ ಬಿಡುವ ಹೊತ್ತಿಗಿಂತ ಒಂದು ಗಂಟೆ ಮೊದಲು ಗೇಟಿನ ಬಸ್ ನಿಲ್ದಾಣದಲ್ಲಿರಿ. ಸಂಜೆ ಬಸ್ಸುಗಳ ನಡುವಿನ ಅಂತರ ಹೆಚ್ಚು. ಬಸ್ಸು ತಪ್ಪಿದರೂ ಈಸ್ಟ್ ಕೌಸ್ ಬಂದರಿಗೆ ಇಳಿಜಾರಿನಲ್ಲಿ ಅರ್ಧ ಗಂಟೆಯಲ್ಲಿ ನಡೆದು ಮುಟ್ಟಬಹುದು. ರೈಡ್ ದಾರಿಯವರಿಗೆ ಆ ಅನುಕೂಲವಿಲ್ಲ, ಅವರು ಒಂದು ಬಸ್ಸು ಮುಂಚಿನದನ್ನೇ ಹಿಡಿಯಲಿ.